ಒಳಗಣ್ಣಿನ ದೃಷ್ಟಿ

ಆರು ವರ್ಷದ ಭುವನಾ ನಕ್ಕಳು, ಕೆಮ್ಮಿದಳು, ಕಾಲು ಝಾಡಿಸಿದಳು. ‘ಒಳಗಣ್ಣು’ ಯಂತ್ರ ಅದಾವುದನ್ನೂ ಲೆಕ್ಕಿಸದೆ ತನ್ನ ಕೆಲಸ ಮುಗಿಸಿತು. ಹಳೆಯ ಸಿ.ಟಿ. ಯಂತ್ರಗಳ ಕಾಲದಲ್ಲಿ ಈ ವಯಸ್ಸಿನ ಮಗುವಿಗೆ ‘ಉಸಿರು ಬಿಗಿಹಿಡಿ, ಅಲುಗಾಡಬೇಡ’ ಎಂದು ಹೇಳಿ ಹೇಳಿ ವೈದ್ಯರಿಗೇ ಉಸಿರುಕಟ್ಟುತ್ತಿತ್ತು. ಈ ಹೊಸ ಯಂತ್ರ ತೀರ ಕಡಿಮೆ ಕ್ಷಕಿರಣದಲ್ಲಿ, ಒಂದೇ ಉಸಿರಿನಲ್ಲಿ ಸಾವಿರ ಚಿತ್ರ ತೆಗೆದು, ಗಾಳಿ ಶ್ವಾಸನಾಳದ ಯಾವ ಕವಲಿನಲ್ಲಿ ತಡವರಿಸುತ್ತದೆ ಎಂಬುದನ್ನು ಪರದೆಯ ಮೇಲೆ ತೋರಿಸುತ್ತಿತ್ತು. ಅದನ್ನು ರೂಪಿಸಿ ಹೆಸರಿಟ್ಟವರು ಡಾ. ಮಂದಾಕಿನಿ. ಯಂತ್ರಕ್ಕಿಂತ ಆ ಹೆಸರಿನ ಮೇಲೆ ಅವರಿಗೆ ಒಂದು ಗುಲಗಂಜಿ ತೂಕ ಹೆಚ್ಚೇ ಹೆಮ್ಮೆ.

ಇವತ್ತು ಆ ಹೆಮ್ಮೆಯೆಲ್ಲ ಇಳಿದಿತ್ತು. ನಾಲ್ಕನೆಯ ತಿಂಗಳೂ ಅದೇ ಕಥೆ: ನಾಳಗಳು ಹಿಂದಿನ ಸಲಕ್ಕಿಂತ ಕಿರಿದು. ಔಷಧಿ ನಾಟಲಿಲ್ಲ. ಇನ್ನು ಸೋಮವಾರ ಆ ಎಳೆಯ ಶ್ವಾಸನಾಳದೊಳಗೆ ಕೊಳವೆ ಕೂರಿಸುವುದೊಂದೇ ದಾರಿ. ಮನೆಯಲ್ಲಿ ಊದಿಸಿ ನೋಡುವ ಪುಟ್ಟ ಮಾಪಕ ಮಾತ್ರ, ಪರೀಕ್ಷೆಯ ಆಸುಪಾಸಿನ ದಿನ ಬಿಟ್ಟರೆ ಮಗು ಚೆನ್ನಾಗಿದೆ ಎನ್ನುತ್ತಿತ್ತು. ಒಳಗಣ್ಣಿನ ಮುಂದೆ ಆ ಆಟಿಕೆಯನ್ನು ಯಾರು ನಂಬುತ್ತಾರೆ!

ಸಮಾಧಾನ ಹೇಳಲೆಂದು ಮಗುವನ್ನು ಹತ್ತಿರ ಎಳೆದುಕೊಂಡದ್ದೇ ತಡ, ಡಾಕ್ಟರಿಗೆ ಸಾಲು ಸಾಲು ಸೀನು. ಕೂದಲು, ಲಂಗ, ಎಲ್ಲ ಮೆಣಸಿನಕಾಯಿ ಘಾಟು.

“ಏನಿದು, ನೀಲವ್ವ?”

ಬ್ಯಾಡಗಿಯಿಂದ ಬಂದಿದ್ದ ತಾಯಿ ಸೆರಗು ಸರಿಮಾಡಿಕೊಂಡಳು. “ದೃಷ್ಟಿ ತಗದ ಬಂದೇನ್ರೀ ಅಕ್ಕಾರ. ಇಲ್ಲಿಗೆ ಬರೂ ಮುಂಜಾನೆ ತಪ್ಪಸೂದಿಲ್ಲ.”

“ಇಲ್ಲಿಗೆ ಬರುವಾಗಲೇ ಯಾಕೆ?”

“ಹೆಸರ ಬರಸೂ ದಿನಾನ ನೀವ ಅಂದ್ರಲ್ರೀ, ಇದು ಕಣ್ಣು, ಕೂಸಿನ ಎದಿಯೊಳಗ ಹೊಕ್ಕು ನೋಡತೈತಿ ಅಂತ! ಕಲ್ಲೇಟ ಬಿದ್ರೂ ಕಣ್ಣೇಟ ಬೀಳಬಾರದ್ರಿ. ಮೊದಲನೇ ಸಲ ಐದ ಕಾಯಿ ಸುಟ್ಟೆ. ಕೂಸು ಮತ್ತಷ್ಟು ಕೆಮ್ಮಾಕ ಹತ್ತಿತು, ಹೆಚ್ಚಿಸ್ಕೋತ ಹೋದೆ. ನಮ್ಮೂರ ಕಾಯಿ ಬರೇ ಬಣ್ಣ, ಘಾಟಿಲ್ಲ. ಅದಕ್ಕ ಇವತ್ತ ಗುಂಟೂರ ಕಾಯಿ ತಂದು ಒಂದ ಬೊಗಸಿ ಸುಟ್ಟೇನಿ.”

ಪ್ರತಿ ಪರೀಕ್ಷೆಯ ದಿನ ನಾಳಗಳನ್ನು ಬಿಗಿಸುತ್ತಿದ್ದದ್ದು ಈ ಹೊಗೆಯೇ ಎಂದು ಮಂದಾಕಿನಿಯವರಿಗೆ ಹೊಳೆಯಿತು. ಬೈಯೋಣವೆಂದರೆ ಯಾರನ್ನು? ಕಣ್ಣೆಂದು ಹೆಸರಿಟ್ಟವರು ತಾವೇ. ಸೋಮವಾರದ ಶಸ್ತ್ರಚಿಕಿತ್ಸೆಯನ್ನು ಅಲ್ಲೇ ರದ್ದು ಮಾಡಿದರು.

“ದೃಷ್ಟಿ ತೆಗಿ ತಾಯಿ, ಬೇಡ ಅನ್ನೋದಿಲ್ಲ. ಆದರೆ ಏನೂ ಸುಡಬೇಡ. ಬರೀ ಉಪ್ಪು ನಿವಾಳಿಸಿ ನೀರಿಗೆ ಹಾಕು.”

“ಆತ್ರಿ. ಉಪ್ಪು ಕರಗಿಧಂಗ ದೃಷ್ಟೀನೂ ಕರಗತೈತಿ.”

ಮುಂದಿನ ತಿಂಗಳು ಪರದೆಯ ಮೇಲೆ ಕಟ್ಟಕಡೆಯ ಕವಲಿನವರೆಗೂ ಗಾಳಿ ಸರಾಗವಾಗಿ ಹರಿಯುತ್ತಿತ್ತು. “ಅಬ್ಬಾ, ಎಷ್ಟು ಚೆಂದ!” ಎಂದುಬಿಟ್ಟರು ಡಾಕ್ಟರು.

ನೀಲವ್ವನ ಮುಖ ಬಾಡಿತು. “ಹಂಗ ಬಾಯಿಬಿಟ್ಟು ಅನಬ್ಯಾಡ್ರೀ!”

ಮಂದಾಕಿನಿ ನಾಲಿಗೆ ಕಚ್ಚಿಕೊಂಡರು. ಮಗುವಿನ ಕೆನ್ನೆ ಸವರಿ, ಕೈಗಳನ್ನು ತಮ್ಮ ಕಿವಿಯ ಪಕ್ಕಕ್ಕೆ ತಂದು ನೆಟಿಗೆ ಮುರಿದರು. ಹತ್ತೂ ಬೆರಳು ಲಟಲಟ ಎಂದವು.

“ನೋಡ್ರಿ,” ಎಂದಳು ನೀಲವ್ವ, “ಅಷ್ಟೂ ನಿಮ್ಮದ ದೃಷ್ಟಿ!”