ಬೀಜಿಂಗಿನಿಂದ ಕರೆತಂದ ತಮ್ಮ

ನಾವು ಮಂಗೋಲಿಯಾದವರು. ನಮ್ಮ ಊರಿನ ಡಾಕ್ಟರುಗಳು ಕೈಚೆಲ್ಲಿದ ಮೇಲೆ, ಲಿವರ್ ಕ್ಯಾನ್ಸರ್ ಆಗಿದ್ದ ತಮ್ಮ ಎರ್ದೆನೆಯನ್ನು ಬೀಜಿಂಗಿಗೆ ಕರೆದೊಯ್ದೆ. ಅವನಿಗೆ ಚೀನೀ ಭಾಷೆ ಒಂದಕ್ಷರವೂ ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮಾತೆಲ್ಲ ದುಭಾಷಿ ಹುಡುಗಿ ಶುಯೆಯ ಮೂಲಕವೇ.

ಜ್ವರದಲ್ಲಿ ಅವನ ಮೈ ಸುಡುತ್ತಿದ್ದರೂ ಬೆನ್ನ ಕೆಳಗಿನ ಹಾಸಿಗೆ ಮಾತ್ರ ಸದಾ ತಣ್ಣಗೆ ಕೊರೆಯುತ್ತಿತ್ತು. ಒಂದು ಮಧ್ಯಾಹ್ನ ನಿದ್ದೆಯಲ್ಲೇ ಚೀನೀಯಲ್ಲಿ ಮಾತಾಡತೊಡಗಿದ.

ಶುಯೆ ನಕ್ಕಳು. "ಅಕ್ಕಾ, ನಿಮ್ಮ ತಮ್ಮ ನನ್ನ ಕೆಲಸ ಕಿತ್ಕೊಳ್ತಾನೆ ನೋಡಿ!" ಇನ್ನಷ್ಟು ಕೇಳಿಸಿಕೊಂಡಾಗ ಅವಳ ನಗು ನಿಂತಿತು.

"ಏನಂತೆ?"

"'ಇದು ನನ್ನ ಹಾಸಿಗೆ, ಈ ಹುಡುಗನ್ನ ಎಬ್ಬಿಸಿ' ಅಂತಿದಾನೆ."

ಕಾಡಿ ಬೇಡಿ ಬೇರೆ ಹಾಸಿಗೆ ಕೊಡಿಸಿದೆ. ಆದರೂ ಕೆಲವೇ ದಿನಕ್ಕೆ ಡಾಕ್ಟರು, "ಇನ್ನು ಮನೆಗೆ ಕರ್ಕೊಂಡ್ಹೋಗಿ" ಅಂದುಬಿಟ್ಟರು.

ಮನೆಯಲ್ಲಿ ಅಮ್ಮ ಉಪ್ಪು ಹಾಕಿದ ಹಾಲಿನ ಚಹಾ ಹಿಡಿದು, "ಕುಡಿಯೋ ಕಂದಾ" ಅಂದಳು. ಅವನು ಅವಳನ್ನು ಗುರುತಿಲ್ಲದವನ ಹಾಗೆ ನೋಡಿ, ಚೀನೀಯಲ್ಲಿ ಮೆಲ್ಲಗೆ ಏನೋ ಕೇಳಿದ. ಆಸ್ಪತ್ರೆಯಲ್ಲಿ ಅಷ್ಟಿಷ್ಟು ಕಲಿತಿದ್ದ ನನಗೆ ಅರ್ಥವಾಯಿತು: "ನೀನ್ಯಾರಮ್ಮಾ ತಂಗೀ?"

"ಏನಂತಾನೆ?" ಅಂದಳು ಅಮ್ಮ.

"ಚಹಾ ಚೆನ್ನಾಗಿದೆಯಂತೆ" ಅಂದೆ.

ಸಾಯುವ ತನಕ ಅವನು ನಮ್ಮ ಭಾಷೆಯ ಒಂದು ಮಾತನ್ನೂ ಆಡಲಿಲ್ಲ. ಸಮಾಧಿಯ ಕಲ್ಲಿನ ಮೇಲೆ ತಮ್ಮನ ಹೆಸರನ್ನೇ ಕೆತ್ತಿಸಿದ್ದೇವೆ.