ಲೆಕ್ಕದ ಮೇಷ್ಟ್ರಿಗೆ ಹತ್ತಕ್ಕೆ ಎರಡು

ಒಂದು ನಿಮಿಷ, ಮುಂದಿನ ಕಥೆಗೆ ಹಾರಬೇಡಿ! ಇದನ್ನು ಪೂರ್ತಿ ಕೇಳಿಯೇ ಹೋಗಿ. ಪ್ರೀತಿಸಿದವನಿಗೆ ಮಾರ್ಕ್ಸ್ ಹಾಕಿ, ಆ ಮಾರ್ಕ್ಸನ್ನು ಎಲ್ಲರೆದುರು ಓದಿಬಿಟ್ಟ ಹುಡುಗಿಯ ಕಥೆ ಇದು...

ಅವಳು ನಾಲ್ಕನೇ ಕ್ಲಾಸಿನ ಟೀಚರ್. ಮಾತಿನ ವೇಗ ನೋಡಿ ಮನೆಯವರು ಇಟ್ಟ ಹೆಸರು ಚಟಪಟಿ. ಆ ಬೆಳಗ್ಗೆ ಅವಳ ಕ್ಲಾಸಿನ ನೆಲದ ತುಂಬ ಬಣ್ಣದ ಟೇಪು. ಮಕ್ಕಳು ಅರ್ಧ, ಕಾಲು, ಮುಕ್ಕಾಲು ಎಂದು ಕೂಗುತ್ತ ಒಂದು ಗೆರೆಯಿಂದ ಇನ್ನೊಂದಕ್ಕೆ ಕುಪ್ಪಳಿಸುತ್ತಿದ್ದರು.

ಬಾಗಿಲಲ್ಲಿ ಯಾರೋ ಬಂದು ನಿಂತರು. ಪಕ್ಕದ ಕ್ಲಾಸಿನ ಲೆಕ್ಕದ ಮೇಷ್ಟ್ರು! ಶಾಲೆಗೆ ಬಂದು ಇನ್ನೂ ನಾಲ್ಕೇ ದಿನ. ಕೈಯಲ್ಲಿ ಚಾಕ್ ಪೀಸ್, ಮುಖದಲ್ಲಿ ನಗುವಿನ ಸುಳಿವೂ ಇಲ್ಲ.

“ಮೇಡಂ, ಇದು ಪಾಠನಾ, ಪಂದ್ಯನಾ?”

“ಭಿನ್ನರಾಶಿ ಸರ್. ನಿಮ್ಮಲ್ಲಿ ಬೋರ್ಡ್ ಮೇಲೆ ಮಲಗಿರುತ್ತೆ, ನಮ್ಮಲ್ಲಿ ಎದ್ದು ಓಡಾಡುತ್ತೆ.”

ಅವನು ನೆಲ ನೋಡಿದ. ಸುಮಾರು ಹೊತ್ತು ನೋಡಿದ.

“ಓಡಾಡ್ಲಿ. ಆದ್ರೆ ನಿಮ್ಮ ಅರ್ಧ, ಅರ್ಧ ಅಲ್ಲ. ನಾಲ್ಕು ಬೆರಳು ಜಾಸ್ತಿ ಇದೆ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ‘ಎಂಥಾ ಒರಟ...!’

ಆದರೆ ಶಾಲೆ ಬಿಟ್ಟ ಮೇಲೆ ಬಾಗಿಲು ಹಾಕಲು ಬಂದಾಗ ಆ ಒರಟ ನೆಲಕ್ಕೆ ಮಂಡಿಯೂರಿ, ಅಳತೆಪಟ್ಟಿ ಹಿಡಿದು, ಟೇಪು ಕಿತ್ತು ಸರಿಯಾಗಿ ಅಂಟಿಸುತ್ತಿದ್ದ. ಪ್ಯಾಂಟಿನ ಮಂಡಿಯಲ್ಲಿ ಬಿಳಿ ಧೂಳು. ಅವಳ ಉರಿ ಅಲ್ಲೇ ತಣ್ಣಗಾಯಿತು. ಬರೀ ತಣ್ಣಗಾಯಿತು ಎಂದರೆ ಸುಳ್ಳಾಗುತ್ತದೆ... ಎದೆ ಒಂದು ಬಡಿತ ತಪ್ಪಿತು.

ಅಂದಿನಿಂದ ದಿನಾ ಇಂಟರ್ವಲ್‌ನಲ್ಲಿ ಟೀ ಜೊತೆಯಲ್ಲೇ. ಅವಳು ಮಾತಾಡುವುದು, ಅವನು ಕೇಳುವುದು. ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಹೇಳಿದಳು. ಬುದ್ಧಿ ಎನ್ನುವುದು ಒಂದೇ ಅಲ್ಲ, ಎಂಟು ಬಗೆ. ಮಾತು, ಲೆಕ್ಕ, ಚಿತ್ರ, ಸಂಗೀತ, ಮೈಯಾಟ, ಪ್ರಕೃತಿ, ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ಮನಸ್ಸು ಅರಿಯುವುದು. ಅದಕ್ಕೇ ಮಕ್ಕಳಿಗೆಲ್ಲ ಪ್ರಶ್ನೆಪಟ್ಟಿ ತುಂಬಿಸಿ, ಯಾರಿಗೆ ಯಾವ ಬುದ್ಧಿ ಜಾಸ್ತಿಯೋ ಆ ಬಣ್ಣದ ಬ್ಯಾಡ್ಜ್ ಕೊಟ್ಟಿದ್ದಳು.

ಒಂದು ಮಗುವಿಗೆ ಒಂದೇ ಬಣ್ಣ ಸಾಲುತ್ತಾ ಎಂದು ಅವನು ಮೆಲ್ಲಗೆ ಕೇಳಿದ. ಲೆಕ್ಕದವರಿಗೆ ಎಲ್ಲದರಲ್ಲೂ ಅನುಮಾನ ಎಂದು ಅವಳು ನಕ್ಕುಬಿಟ್ಟಳು.

ಹೀಗೇ ಎರಡು ತಿಂಗಳು. ಅವನ ಮನಸ್ಸಿನಲ್ಲೂ ಏನೋ ಇದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ...

ಅಷ್ಟರಲ್ಲಿ ಅವಳೇ ಎಡವಟ್ಟು ಮಾಡಿಕೊಂಡಳು.

ತಮಾಷೆಗೆಂದು ಅದೇ ಪ್ರಶ್ನೆಪಟ್ಟಿಯನ್ನು ಸ್ಟಾಫ್ ರೂಮಿನಲ್ಲೂ ಹಂಚಿದಳು. ಮರುದಿನ ಒಬ್ಬೊಬ್ಬರ ಫಲಿತಾಂಶ ಓದಿದಳು. ಅವನ ಹಾಳೆ ಬಂದಾಗ ಬಾಯಿ ನಿಲ್ಲಬೇಕಲ್ಲ!

“ಲೆಕ್ಕಕ್ಕೆ ಹತ್ತಕ್ಕೆ ಹತ್ತು. ಇನ್ನೊಬ್ಬರ ಮನಸ್ಸು ಅರಿಯೋದಕ್ಕೆ... ಹತ್ತಕ್ಕೆ ಎರಡು. ಪಾಪ, ಇವರನ್ನ ಕಟ್ಕೊಳ್ಳೋಳು ದಿನಾ ಗೋಡೆ ಹತ್ರ ಮಾತಾಡ್ಬೇಕು.”

ಇಡೀ ರೂಮು ಗೊಳ್ಳೆಂದಿತು. ಅವನೂ ತುಟಿಯಲ್ಲಿ ಸ್ವಲ್ಪ ನಕ್ಕ. ಲೋಟ ಕೆಳಗಿಟ್ಟು ಎದ್ದು ಹೋದ.

ಮರುದಿನ ಟೀಗೆ ಬರಲಿಲ್ಲ. ಆಮೇಲೂ ಬರಲಿಲ್ಲ. ಕಾರಿಡಾರಿನಲ್ಲಿ ಸಿಕ್ಕರೆ ‘ನಮಸ್ತೆ ಮೇಡಂ’, ಅಷ್ಟೇ. ‘ನಾನೇನು ತಪ್ಪು ಮಾಡಿದೆ? ತಮಾಷೆ ಅಲ್ವಾ?’ ಎಂದು ಅವಳು ಒಳಗೊಳಗೇ ಮುನಿಸಿಕೊಂಡಳು.

ವಾರ ಕಳೆಯಿತು. ಓದುವ ಪಾಠದ ಹೊತ್ತು. ಒಂದು ಕಡೆ ನಿಲ್ಲದ್ದಕ್ಕೆ ಎಲ್ಲರೂ ಬುಗುರಿ ಎಂದು ಕರೆಯುವ ಹುಡುಗಿಯ ಸರದಿ ಬಂತು. ಅವಳು ಪುಸ್ತಕ ಮುಚ್ಚಿಟ್ಟಳು.

“ನಾನು ಕೆಂಪು ಬ್ಯಾಡ್ಜ್ ಮಿಸ್. ನಂದು ಕುಣಿಯೋದು. ಓದೋದು ನೀಲಿಯವರ ಕೆಲಸ.”

ಟೀಚರ್ ಆ ಕೆಂಪು ಬ್ಯಾಡ್ಜನ್ನೇ ನೋಡಿದಳು. ಹೋದ ತಿಂಗಳವರೆಗೂ ತಡವರಿಸಿಕೊಂಡಾದರೂ ಓದುತ್ತಿದ್ದ ಮಗು! ಒಂದು ಬಣ್ಣ ಕೊಟ್ಟು ಉಳಿದ ಏಳನ್ನು ಅವಳಿಂದ ಕಿತ್ತುಕೊಂಡವರು ಯಾರು? ‘ನಾನೇ...’

ಮರುಕ್ಷಣ ಇನ್ನೊಂದು ಮುಖ ಕಣ್ಣೆದುರು ಬಂತು. ಹತ್ತಕ್ಕೆ ಎರಡು. ಅವನೂ ಅದನ್ನು ನಂಬಿಬಿಟ್ಟಿದ್ದನಾ?

ಮನೆಯಲ್ಲಿ ಅಕ್ಕನ ಮುಂದೆ ಅತ್ತಳು. ಅಕ್ಕ ಬಟ್ಟೆ ಮಡಚುವುದನ್ನೂ ನಿಲ್ಲಿಸಲಿಲ್ಲ.

“ಪರೀಕ್ಷೆ ಪೇಪರ್ ಹಿಡ್ಕೊಂಡು ಗಂಡ ಹುಡುಕಿದವಳು ನೀನೊಬ್ಬಳೇ ಕಣೆ. ಅವರಿಗಲ್ಲ, ನಿಂಗೇ ಬಿತ್ತು ಎರಡು.”

ಮರುದಿನ ಬೆಳಗ್ಗೆ ಹೆಡ್ ಮಿಸ್ ಒಂದು ಸುದ್ದಿ ಹೇಳಿದರು. ಲೆಕ್ಕದ ಮೇಷ್ಟ್ರು ಮಧ್ಯಾಹ್ನದ ಪಾಳಿ ಕೇಳಿ ಅರ್ಜಿ ಕೊಟ್ಟಿದ್ದಾರೆ, ಸಂಜೆಯೊಳಗೆ ಸಹಿ ಆಗುತ್ತದೆ. ಅಂದರೆ ಬೆಳಗಿನ ಪಾಳಿಯ ಇವಳು ಮನೆಗೆ ಹೊರಡುವಾಗ ಅವನು ಒಳಗೆ ಬರುತ್ತಾನೆ. ಗೇಟಿನಲ್ಲಿ ಎರಡು ನಿಮಿಷ... ಇನ್ನು ಅಷ್ಟೇ!

ಇಂಟರ್ವಲ್‌ನಲ್ಲಿ ಸ್ಟಾಫ್ ರೂಮು ತುಂಬಿತ್ತು. ಅವನೂ ಮೂಲೆಯಲ್ಲಿ ನೋಟ್‌ಬುಕ್ ತಿದ್ದುತ್ತ ಕೂತಿದ್ದ. ಅವಳು ಎದ್ದು ನಿಂತಳು. ಬುಗುರಿಯ ವಿಷಯ ಹೇಳಿದಳು. ಬಣ್ಣ ಕಟ್ಟಬೇಕಿದ್ದದ್ದು ಪಾಠಕ್ಕೆ, ತಾನು ಮಕ್ಕಳಿಗೆ ಕಟ್ಟಿಬಿಟ್ಟೆ ಎಂದಳು. ಒಂದೇ ಪಾಠಕ್ಕೆ ಎಂಟು ಬಾಗಿಲು ಇಟ್ಟು, ಯಾವುದರಿಂದಾದರೂ ಬಾ ಎನ್ನಬೇಕಿತ್ತು. ಪ್ರತಿ ಮಗುವನ್ನೂ ಒಂದೊಂದು ಬಾಗಿಲ ಮುಂದೆ ನಿಲ್ಲಿಸಿ ಬೀಗ ಹಾಕಿದ್ದಳು.

ಆಮೇಲೆ ಅವನ ಕಡೆ ತಿರುಗಿದಳು.

“ನಿಮಗೂ ಅದನ್ನೇ ಮಾಡಿದೆ ಸರ್. ನಮ್ಮ ಮಕ್ಕಳು ತಪ್ಪಾಗಿ ಹಾರಬಾರದು ಅಂತ ನೆಲ ಅಳೆದವರು ನೀವು. ಮನಸ್ಸು ಅರಿಯೋದು ಅಂದ್ರೆ ಅದೇ ಅಲ್ವಾ? ನಂಗೆ ಕಾಣ್ಲಿಲ್ಲ. ತಪ್ಪಾಯ್ತು.”

ಅವನು ನೋಟ್‌ಬುಕ್ಕುಗಳನ್ನು ಎತ್ತಿಕೊಂಡು ಹೊರಗೆ ಹೋದ.

ಶಾಲೆ ಬಿಟ್ಟ ಮೇಲೆ ಅವಳು ಖಾಲಿ ಕ್ಲಾಸಿನಲ್ಲಿ ಸುಮ್ಮನೆ ಕೂತಿದ್ದಳು. ಅವನು ಬಂದು ಎದುರಿನ ಮಕ್ಕಳ ಬೆಂಚಿನ ಮೇಲೆ ಕೂತ. ಮಂಡಿ ಗಲ್ಲಕ್ಕೆ ತಾಗುವಂತಿತ್ತು.

“ಆ ಪಟ್ಟಿಲಿ ಒಂದು ಪ್ರಶ್ನೆ ಇತ್ತು. ಜನ ನಿಮ್ಮ ಹತ್ರ ಕಷ್ಟಸುಖ ಹೇಳ್ಕೋತಾರಾ ಅಂತ. ಇಲ್ಲ ಅಂತ ಬರೆದೆ. ಯಾರೂ ಹೇಳ್ಕೊಂಡಿರ್ಲಿಲ್ಲ ಮೇಡಂ, ಸುಳ್ಳು ಬರೆಯಕ್ಕಾಗುತ್ತಾ?”

ಅವಳ ಕಣ್ಣು ತುಂಬಿ ಬಂತು.

“ನಾನು ಹೇಳ್ಕೊಳ್ಳಲಾ?”

“ಹೇಳಿ.”

“ನೀವು ಮಧ್ಯಾಹ್ನದ ಪಾಳಿಗೆ ಹೋದ್ರೆ ನಂಗೆ ಕಷ್ಟ. ಇಲ್ಲೇ ಇದ್ರೆ ಸುಖ. ಈ ಕ್ಲಾಸಿನ ಪಕ್ಕ ಮಾತ್ರ ಅಲ್ಲ... ಯಾವಾಗ್ಲೂ.”

ಅವನು ಒಂದು ಕೈ ಮುಂದೆ ಚಾಚಿದ.

“ಅರ್ಜಿ ವಾಪಸ್ ತಗೊಂಡೇ ಬಂದೆ.”

“ಬಂದ ತಕ್ಷಣ ಯಾಕೆ ಹೇಳ್ಲಿಲ್ಲ?”

“ಇದನ್ನ ನಿಮ್ಮ ಬಾಯಲ್ಲಿ ಕೇಳ್ಬೇಕಿತ್ತು.”

ಅವಳು ಆ ಕೈ ಹಿಡಿದುಕೊಂಡಳು. ಚಟಪಟಿಗೆ ಹುಟ್ಟಿದಾಗಿನಿಂದ ಮೊದಲ ಸಲ ಮಾತು ಬೇಡವೆನಿಸಿತು.

ಈಗ ನೀವು ಹೇಳಿ. ಹತ್ತು ಜನರ ಮುಂದೆ ಆಡಿದ ಮಾತಿಗೆ ಹತ್ತು ಜನರ ಮುಂದೆಯೇ ಕ್ಷಮೆ ಕೇಳಿದಳು ಅವಳು. ಅವಳ ಜಾಗದಲ್ಲಿ ನೀವಿದ್ದಿದ್ದರೆ ಹಾಗೇ ಎದ್ದು ನಿಲ್ಲುತ್ತಿದ್ದಿರಾ, ಅಥವಾ ಅವನೊಬ್ಬನೇ ಸಿಗಲಿ ಎಂದು ಕಾಯುತ್ತಿದ್ದಿರಾ?