ಹೊನ್ನೆ ಮರಕ್ಕೆ ಮನೆ ಹೇಳಿದ್ದು

ಸಿದ್ದರಾಜು ಮೊದಲ ಸಲ ನಮ್ಮ ಶೆಡ್ಡಿಗೆ ಬಂದಾಗ ನಾನು ಅವನನ್ನು ಬೈದು ಕಳಿಸಿದೆ. ತಪ್ಪು ಅವನದಲ್ಲ, ಟ್ರ್ಯಾಕ್ಟರಿನಲ್ಲಿ ತಂದಿದ್ದ ಮರದ್ದು.

ರಾವಂದೂರಿನಿಂದ ಬೆಟ್ಟದಪುರಕ್ಕೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ತಗಡಿನ ಶೆಡ್ಡು ಇದೆ. ಗೆದ್ದಲು, ಕುಟ್ಟೆ ಹಿಡಿಯದ ಹಾಗೆ ಮರವನ್ನು ಔಷಧಿ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಎಣ್ಣೆ ಹಚ್ಚಿ ಕೊಡುವುದು ನಮ್ಮ ಕೆಲಸ. ಬೇಲಿ ಕಂಬ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ತೊಲೆ, ಬಾಗಿಲಿನ ಚೌಕಟ್ಟು, ಏನು ತಂದರೂ ಸರಿ. ಅಪ್ಪನಿಗೆ ಸೊಂಟ ಹಿಡಿದ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದವರಿಗೆ ತಕ್ಕ ಉತ್ತರವನ್ನೂ ಕೊಟ್ಟಿದ್ದೇನೆ. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

"ಮೇಡಂ, ತಲೆಬಾಗ್ಲಿಗೆ ಅಂತ ಒಂದು ಮರ ತಂದಿವ್ನಿ. ವಸಿ ನೋಡ್ತೀರಾ?"

ನೋಡಿದೆ. ಮೈಯೆಲ್ಲ ಕೆಸರು ಮೆತ್ತಿಕೊಂಡ, ಕಪ್ಪಗಾದ ಹೊನ್ನೆ ದಿಮ್ಮಿ. ಒಂದು ತುದಿಯಲ್ಲಿ ಉಳಿಯಿಂದ ಕೆತ್ತಿದ ಗುರುತು. ವರ್ಷಗಳ ಹಿಂದೆ ಅದನ್ನು ಕೆತ್ತಿದವನು ಹೂವು ಅಂದಿದ್ದ. ಏಡಿ ಇದ್ದ ಹಾಗಿದೆ ಎಂದು ನಾನು ನಕ್ಕಿದ್ದೆ.

"ಎಲ್ಲಿ ಸಿಕ್ತು ಇದು?"

"ನಿಮ್ಮೂರ ಕೆರೇಲಿ ಹೂಳೆತ್ತುತಾ ಇದ್ದೀವಲ್ಲ, ಜೆಸಿಬಿ ಓಡ್ಸೋನು ನಾನೇ. ಬಕೆಟ್ಟಿಗೆ ಸಿಕ್ತು. ಪಂಚಾಯ್ತಿಯೋರು ಹರಾಜು ಹಾಕುದ್ರು. ಯಾರೂ ಕೂಗ್ನಿಲ್ಲ, ನಾನೊಬ್ನೇ ಕೂಗ್ದೆ."

"ಊರಿಗೂರೇ ಸುಮ್ಕಿರೋವಾಗ ಯಾಕೆ ಅಂತ ಕೇಳ್ಬೇಕು ಅನ್ನಿಸ್ನಿಲ್ವಾ?"

"ನಾನು ಕೆ.ಆರ್. ನಗರದ ಕಡೆಯೋನು ಕಣ್ರೀ. ಈಗ ತಾನೆ ಇಲ್ಲೊಂದು ಸೈಟ್ ತಗಂಡು ಮನೆ ಎಬ್ಬುಸ್ತಾ ಇವ್ನಿ. ಯಾರನ್ನ ಕೇಳ್ಲಿ?"

"ತಗಂಡೋಗಿ. ನಮ್ಮ ಶೆಡ್ಡಿಗೆ ಬ್ಯಾಡ."

ಅವನು ನನ್ನ ಮುಖವನ್ನೇ ನೋಡಿದ. ಕಣ್ಣಂಚಿನಲ್ಲಿ ನಗು. "ಕೋಪ ಮರದ್ ಮೇಲೋ, ನನ್ ಮೇಲೋ?"

"ಇಬ್ರ ಮೇಲೂ."

"ಅಂಗಾದ್ರೆ ನನ್ ಪಾಲಿಗೆ ಅರ್ಧ ಬತ್ತದೆ. ತಡ್ಕತೀನಿ ಬುಡಿ."

ಮಾರನೆಯ ದಿನ ಬರಿಗೈಲಿ ಬಂದ. ಬೇರೆ ಯಾರೂ ಆ ಮರ ಮುಟ್ಟುತ್ತಿಲ್ಲ, ಸೈಟಿನಲ್ಲಿ ಬಿಸಿಲಿಗೆ ಹಾಕಿದ್ದೇನೆ ಅಂದ. ಬಿಸಿಲಿಗೆ ಅಂದದ್ದೇ ತಡ, ನನ್ನ ಬಾಯಿ ನನ್ನ ಕೈಲಿರಲಿಲ್ಲ. "ನೀರಿಂದ ಎತ್ತಿದ್ ಮರಾನ ಬಿಸ್ಲಿಗೆ ಹಾಕ್ತಾರೇನ್ರೀ? ಸೀಳೋಯ್ತದೆ! ತಲೇಲಿ ಏನ್ ತುಂಬದೆ ನಿಮ್ಗೆ, ಹೂಳಾ?"

"ಹೂಂ. ಎತ್ತೋರು ಸಿಕ್ಕಿರ್ನಿಲ್ಲ," ಅಂದ.

ಹೀಗೆ ಆ ಮರ ನಮ್ಮ ಶೆಡ್ಡಿಗೆ ಬಂತು. ಅದರ ಕಥೆಯನ್ನೂ ಅವನಿಗೆ ಹೇಳಿದೆ.

ನಮ್ಮೂರಲ್ಲಿ ತಲೆಬಾಗಿಲಿನ ಮರವನ್ನು ಮೊದಲು ಕೆರೆಯಲ್ಲಿ ಮುಳುಗಿಸಿಡುವುದು ರೂಢಿ. ಮರದ ಹಸಿ ರಸವೆಲ್ಲ ನೀರಿಗಿಳಿಯುತ್ತದೆ, ಆಮೇಲೆ ನೆರಳಲ್ಲಿ ಒಣಗಿಸಿದರೆ ಹುಳ ಹತ್ತಿರ ಸುಳಿಯುವುದಿಲ್ಲ. ಮುಳುಗಿಸುವಾಗ ಅದರ ಮೇಲೆ ಕೈಯಿಟ್ಟು ಯಾರ ಮನೆಗೆ ಹೋಗಬೇಕೆಂದು ಮರಕ್ಕೆ ಹೇಳಬೇಕು. ಎತ್ತುವಾಗ ಆ ಮನೆಯವರೇ ಬಂದು ಕರೆಯಬೇಕು. ಕರೆಯದೆ ಎತ್ತಿದ ಮರ ನೀರು ಬಿಡುವುದಿಲ್ಲ ಎನ್ನುತ್ತಾರೆ.

ಈ ಮರಕ್ಕೆ ಆ ಹೂವು ಕೆತ್ತಿ ಮನೆ ಹೇಳಿದವನು ಮಹದೇವಪ್ರಸಾದ್, ನನ್ನ ಸೋದರತ್ತೆ ಪುಟ್ಟಸಿದ್ದಮ್ಮನ ಮಗ. ನಮ್ಮಿಬ್ಬರ ಮದುವೆಗೆ ಮಾತಾಗಿತ್ತು. "ಸುಕನ್ಯನ ಮನೆಗೆ" ಅಂದು, ಅದು ತೇಲದಂತೆ ಕಲ್ಲು ಕಟ್ಟಲು ಮರದ ಜೊತೆಗೇ ನೀರಿಗಿಳಿದ. ಮರ ತಳದಲ್ಲಿ ಕೂತಿತು. ಅವನು ಮೇಲೆ ಬರಲಿಲ್ಲ. ಕಾಲು ಅದರಡಿ ಸಿಕ್ಕಿತ್ತು. ಜನ ಅವನನ್ನು ತೆಗೆದರು, ಮರವನ್ನು ಅಲ್ಲೇ ಬಿಟ್ಟರು. ಆರೇಳು ವರ್ಷದ ಹಿಂದಿನ ಮಾತು ಇದು.

ಸಿದ್ದರಾಜುವಿನ ಮುಖ ಸಪ್ಪಗಾಯಿತು. "ಗೊತ್ತಿಲ್ದೆ ಎತ್ತುಬುಟ್ಟೆ ಕಣ್ರೀ. ತಿರ್ಗಾ ಮುಳುಗುಸ್ಬುಡ್ಲಾ?"

"ಯಾವ ನೀರಲ್ಲಿ? ಕೆರೇನೆಲ್ಲ ಬಗೆದು ಹಾಕಿದ್ದೀರಲ್ಲ."

ಇಬ್ಬರೂ ನಕ್ಕೆವು. ಅಷ್ಟು ವರ್ಷದ ಮೇಲೆ ಪ್ರಸಾದನ ವಿಷಯ ಮಾತಾಡುತ್ತಾ ನಾನು ನಕ್ಕಿದ್ದು ಅದೇ ಮೊದಲು. ನಕ್ಕ ಮೇಲೆ ಹೆದರಿಕೆಯಾಯಿತು.

ದಿಮ್ಮಿಯ ಎರಡೂ ತುದಿಗೆ ಸೆಗಣಿ, ಜೇಡಿಮಣ್ಣು ಬಳಿದು, ಗಾಳಿಯಾಡುವ ಹಾಗೆ ಅಡ್ಡತುಂಡುಗಳ ಮೇಲೆ ಮಲಗಿಸಿದೆ. ಪಕ್ಕದ ಮರಗಳೆಲ್ಲ ಒಣಗಿ ಹಗುರಾದವು. ಇದು ಒಣಗಲಿಲ್ಲ. ಬೆಳಿಗ್ಗೆ ಮುಟ್ಟಿದರೆ ಒಣ ಮರದ ಹಾಗೇ ಇರುತ್ತಿತ್ತು. ಮಟಮಟ ಮಧ್ಯಾಹ್ನ, ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲದ ಹೊತ್ತಿಗೆ, ಮೈಯೆಲ್ಲ ಬೆವರುತ್ತಿತ್ತು. ಕೆಂಪು ಬೆವರು. ಹೊನ್ನೆಯ ರಸ ಕೆಂಪಗೇ ಇರುತ್ತದೆ, ಅದಕ್ಕೆ ನಾನು ಹೆದರುವವಳಲ್ಲ. ಆದರೆ ಆ ನೀರಿಗೆ ಹರಳೆಣ್ಣೆಯ ವಾಸನೆಯಿತ್ತು. ಪ್ರಸಾದ ತಲೆಗೆ ಹಚ್ಚುತ್ತಿದ್ದದ್ದು ಹರಳೆಣ್ಣೆ.

ಸಿದ್ದರಾಜು ದಿನಾ ಊಟದ ಹೊತ್ತಿಗೆ ಬರುತ್ತಿದ್ದ.

"ಮರ ನೋಡಾಕೆ ಬಂದೆ."

"ಮರ ಆ ಕಡೆ ಅದೆ."

"ಗೊತ್ತು," ಎಂದು ಈ ಕಡೆಯೇ ನೋಡುತ್ತಿದ್ದ.

ನಾನು ಔಷಧಿ ತೊಟ್ಟಿಯ ಮುಂದೆ ಕೋಲು ಹಿಡಿದು ನೀರು ಕಲಕುತ್ತಿದ್ದೆ. ಎದುರು ನಿಂತು ನನ್ನನ್ನು ನೋಡುವ ಧೈರ್ಯವಿಲ್ಲದೆ ಅವನು ನೀರಿನಲ್ಲಿ ಕಾಣುವ ನನ್ನ ಮುಖ ನೋಡುತ್ತಿದ್ದ. ಕಂಡರೂ ಕಾಣದವಳ ಹಾಗೆ ಇರುತ್ತಿದ್ದೆ. ಕಲಕುವುದನ್ನು ಮಾತ್ರ ನಿಲ್ಲಿಸುತ್ತಿದ್ದೆ, ನೋಡಲಿ ಅಂತ. ನಾಚಿಕೆಗೆಟ್ಟವಳು ನಾನು.

ಒಂದು ದಿನ ಹಾಗೆ ನೀರು ತಿಳಿಯಾಗುತ್ತಿತ್ತು. ನನ್ನ ಮುಖ ಕಂಡಿತು, ಅವನ ಮುಖ ಕಂಡಿತು. ನಮ್ಮಿಬ್ಬರ ನಡುವೆ, ಸ್ವಲ್ಪ ಹಿಂದೆ, ಇನ್ನೊಂದು ತಲೆ ಕಂಡಿತು. ಒದ್ದೆ ತಲೆ, ಕೂದಲು ಹಣೆಗೆ ಅಂಟಿತ್ತು.

ತಿರುಗಿದೆ. ದಿಮ್ಮಿ ಬಿಟ್ಟರೆ ಬೇರೇನೂ ಇರಲಿಲ್ಲ.

"ನಿಮ್ಗೂ ಕಾಣುಸ್ತಾ?" ಅಂದೆ. ಅವನ ತೋಳಿನ ಕೂದಲೆಲ್ಲ ನಿಮಿರಿ ನಿಂತಿತ್ತು.

ಅದೇ ವಾರ ಅವನು ದಿಮ್ಮಿಯ ಮಗ್ಗುಲು ಬದಲಿಸುತ್ತಿದ್ದಾಗ ಅದು ಅವನ ಕಡೆಗೇ ಉರುಳಿತು. ತಡೆಗೆಂದು ಇಟ್ಟ ಬೆಣೆಗಳೆಲ್ಲ ಇದ್ದಲ್ಲೇ ಇದ್ದವು, ಮರ ಅವುಗಳನ್ನು ಹತ್ತಿ ಇಳಿದಿತ್ತು. ಕೂದಲೆಳೆಯ ಅಂತರದಲ್ಲಿ ಅವನ ಪಾದ ಉಳಿಯಿತು. ಇವನಿಗೆ ಏನಾದರೂ ಆದರೆ ನಾನು ಮತ್ತೆ ಬದುಕಲಾರೆ ಎಂದು ಆ ಗಳಿಗೆಯಲ್ಲಿ ನನಗೆ ತಿಳಿಯಿತು.

"ನಾಳೆಯಿಂದ ಬರಬ್ಯಾಡಿ," ಅಂದೆ.

"ಯಾಕೆ?"

"ನಿಮ್ಮನ್ನ ಕಂಡ್ರೆ ನನಗಾಗಲ್ಲ."

"ಸುಳ್ಳು ಹೇಳೋವಾಗ ನೀವು ಮೂಗು ಮುಟ್ಕತೀರಿ, ಗೊತ್ತಾ?" ಅಂದ. ಆದರೆ ಹೋದ. ಹೋಗುತ್ತಾ ತಿರುಗಿ ನೋಡಲಿಲ್ಲ, ಅದಕ್ಕೂ ನನಗೆ ಸಿಟ್ಟು ಬಂತು.

ಮರ ಶೆಡ್ಡಿಗೆ ಬಂದ ಸುದ್ದಿ ಹೇಗೋ ಪುಟ್ಟಸಿದ್ದಮ್ಮತ್ತೆಯ ಕಿವಿಗೆ ಬಿದ್ದಿತ್ತು. ಮಾರನೆಯ ಮಧ್ಯಾಹ್ನ ಬಂದು ದಿಮ್ಮಿಯ ಪಕ್ಕ ನೆಲದ ಮೇಲೆ ಕೂತರು. ಅದರ ಮೈ ಸವರಿ, ಅಂಗೈ ನೋಡಿಕೊಂಡರು.

"ಇನ್ನೂ ಹಸಿಯಾಗವ್ನೆ ಕಣವ್ವ."

ಅದೆ ಅನ್ನಲಿಲ್ಲ, ಅವ್ನೆ ಅಂದರು.

"ಅತ್ತೆ, ಮರ ಅದು."

"ನಿನ್ ಹೆಸ್ರು ಯೋಳಿ ಮುಳುಗ್ದೋನು. ನೀನು ಕರೀಲೇ ಇಲ್ಲ, ಯಾವನೋ ಬಂದು ಬಾಚಿ ಎತ್ತಾಕ್ದ. ಎಲ್ಲಿಗೋಗ್ಬೇಕು ಅಂತ ಅವನಿಗೆ ಗೊತ್ತಾಯ್ತಿಲ್ಲ." ಅತ್ತೆಯ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ನಿನ್ ಮನೆಗೇ ಕರಕೋ. ಇಲ್ದಿದ್ರೆ ಬ್ಯಾರೆ ಮನೆ ಯೋಳು. ನಿನ್ ಮನೆಗೆ ಕರಕಂಡ್ರೆ, ಕೂಸೆ, ಕೊನೆಗಂಟ ಅವನೊಬ್ನೇ ನಿನ್ಗೆ. ಯೋಚ್ನೆ ಮಾಡು."

ಯೋಚನೆ ಮಾಡಲು ಸಮಯ ಸಿಗಲಿಲ್ಲ. ಹೊರಗೆ ಟ್ರ್ಯಾಕ್ಟರ್ ನಿಂತ ಸದ್ದಾಯಿತು. ಸಿದ್ದರಾಜು ಕಬ್ಬಿಣದ ಸರಪಳಿ ಹೊತ್ತು ನೇರ ಒಳಗೆ ಬಂದ.

"ಬೈಬ್ಯಾಡಿ, ಮರ ತಗಂಡೋಗಾಕೆ ಬಂದಿವ್ನಿ. ಇದನ್ನ ಸೀಳ್ಸಿ ಸೌದೆ ಮಾಡ್ಬುಡ್ತೀನಿ. ನೀವು ನೆಮ್ಮದಿಯಾಗಿರಿ. ನನ್ ಮೇಲೆ ಆಸೆ ಇಲ್ದಿದ್ರೂ ಚಿಂತೆಯಿಲ್ಲ, ಹೆದ್ರಿಕಂಡು ಬದುಕೋದು ಬ್ಯಾಡ."

"ಮುಟ್ಬ್ಯಾಡಿ!" ಎಂದು ಕೂಗುವಷ್ಟರಲ್ಲಿ ಅವನು ಬಗ್ಗಿ ಸರಪಳಿ ಸುತ್ತಿಯಾಗಿತ್ತು.

ದಿಮ್ಮಿ ಜಾರಿತು. ಸದ್ದಿಲ್ಲದೆ, ನಿಧಾನವಾಗಿ, ನೀರಿಗಿಳಿಯುವ ಹಾಗೆ. ಅವನು ಬಿದ್ದ. ಮರ ಅವನ ಕಣಕಾಲಿನ ಮೇಲೆ ಕೂತಿತು, ಮತ್ತೆ ತೊಡೆಯ ಕಡೆಗೆ ಹೊರಳತೊಡಗಿತು. ನಾನೂ ಅತ್ತೆಯೂ ತಳ್ಳಿದೆವು. ಜಗ್ಗಲಿಲ್ಲ. ಸೆಗಣಿ ಬಳಿದ ತುದಿಯಿಂದ ಕೆಂಪು ನೀರು ಸುರಿದು ಅವನ ಎದೆಯನ್ನು ನೆನೆಸಿತು. ಶೆಡ್ಡೆಲ್ಲ ಹರಳೆಣ್ಣೆಯ ವಾಸನೆ.

"ಸುಕನ್ಯ, ಉಸ್ರು ಕಟ್ತಾ ಅದೆ," ಅಂದ ಅವನು. ಎದೆಯ ಮೇಲೆ ಏನೂ ಇರಲಿಲ್ಲ. ಆದರೂ ನೀರಿನಡಿ ಇದ್ದವನ ಹಾಗೆ ಬಾಯಿ ತೆರೆದು ಮುಚ್ಚುತ್ತಿದ್ದ.

ಅಲ್ಲಿಯವರೆಗೆ ನನಗಿದ್ದದ್ದು ಭಯ. ಅದು ಎಲ್ಲಿ ಹೋಯಿತೋ, ಕೆಟ್ಟ ಕೋಪ ಬಂತು. ಆ ಮರದ ನೆತ್ತಿಗೆ ಪಟೀರನೆ ಏಟು ಕೊಟ್ಟೆ.

"ಲೋ ಪ್ರಸಾದ! ಸಾಕು ಮಾಡೋ! ಇಷ್ಟು ವರ್ಷ ನಿನ್ನೇ ನೆನಸ್ಕಂಡು ಅತ್ತಿವ್ನಿ. ಬಂದ ಗಂಡುಗಳ್ನೆಲ್ಲ ಬಾಗ್ಲಲ್ಲೇ ತಿರುಗ್ಸಿ ಕಳ್ಸಿವ್ನಿ. ಇನ್ನೇನೋ ಬೇಕು ನಿನ್ಗೆ? ಈಗ ಇವ್ನು ಬೇಕು ನನ್ಗೆ. ಹೌದು ಕಣೋ, ಇವನ್ನ ಕಂಡ್ರೆ ಪ್ರೀತಿ ನನ್ಗೆ. ನಿನ್ ಮೇಲಿದ್ದದ್ದೂ ಪ್ರೀತೀನೇ, ಅದನ್ನೇನು ನಾನು ಹೊಳೆಗೆ ಬಿಸಾಕ್ನಿಲ್ಲ. ಆದ್ರೆ ಇವನ ಜೀವಕ್ಕೇನಾದ್ರೂ ಕೈ ಹಾಕಿದ್ಯೋ, ನಿನ್ ಹೆಸ್ರು ಇನ್ನೊಂದ್ಸಲ ನನ್ ಬಾಯಲ್ಲಿ ಬರಲ್ಲ. ಯಾರಿಗೂ ಬೇಡದೋನಾಗಿ ಹೋಗ್ತೀಯ!"

ಮರ ನಿಂತಿತು.

ಹೊಡೆದ ಕೈಯನ್ನೇ ಅದರ ಮೇಲೆ ಇಟ್ಟೆ. ಒಳಗೆ ಏನೋ ನಡುಗುತ್ತಿತ್ತು. ಚಳಿಗೆ ನಡುಗುವ ಮೈಯ ಹಾಗೆ. ಪಾಪ ಅನ್ನಿಸಿತು.

"ಸಿದ್ದರಾಜು ಮನೆಗೆ ಹೋಗು," ಎಂದು ಮೆಲ್ಲಗೆ ಹೇಳಿದೆ. "ಇನ್ಮೇಲೆ ನನ್ ಮನೇನೂ ಅದೇ. ನಿನ್ಗೆ ಯಾರೂ ಬ್ಯಾಡ ಅನ್ನಲ್ಲ. ಬಾ."

ಹಾಡುಹಗಲಲ್ಲಿ ಗುಂಡು ಹಾರಿದ ಹಾಗೆ ಸದ್ದಾಯಿತು. ದಿಮ್ಮಿ ತುದಿಯಿಂದ ತುದಿಗೆ ಸೀಳಿ ಎರಡು ಹೋಳಾಗಿ ಬಿತ್ತು. ಒಳಗಿಂದ ನೀರು ಹರಿಯಿತು. ಒಂದು ಮರದಲ್ಲಿ ಅಷ್ಟು ನೀರು ಇರಲು ಸಾಧ್ಯವಿಲ್ಲ, ಇದು ನನ್ನ ಕಸುಬು, ನನಗೆ ಗೊತ್ತು. ಬಾಗಿಲು ದಾಟಿ, ಅಂಗಳ ದಾಟಿ, ಕೆರೆಯ ದಿಕ್ಕಿಗೆ ಹರಿದು ಹೋಯಿತು.

ಸಿದ್ದರಾಜು ಜೋರಾಗಿ ಉಸಿರೆಳೆದುಕೊಂಡ. ಅವನನ್ನು ಎಳೆದು ಎದೆಗೊರಗಿಸಿಕೊಂಡೆ. ಕಾಲು ಊದಿತ್ತು, ಮುರಿದಿರಲಿಲ್ಲ.

ಅತ್ತೆ ಸೆರಗು ಬಿಚ್ಚಿ ಆ ಎರಡು ಹೋಳುಗಳನ್ನು ಒರೆಸುತ್ತಿದ್ದರು. ತಲೆಗೆ ನೀರು ಹಾಕಿಸಿಕೊಂಡ ಮಗುವನ್ನು ಒರೆಸುವ ಹಾಗೆ, ತಿಕ್ಕಿ ತಿಕ್ಕಿ. "ಒಣಗ್ದ ಕಣವ್ವ," ಎಂದರು. "ನನ್ ಮಗ ಒಣಗ್ದ."

ಮೂಸಿ ನೋಡಿದೆ. ಹರಳೆಣ್ಣೆಯ ವಾಸನೆ ಇರಲಿಲ್ಲ, ಬರೀ ಮರದ ವಾಸನೆ. ಆಗ ಮಾತ್ರ ನನಗೆ ಅಳು ತಡೆಯಲಾಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಸಿದ್ದರಾಜು ನನ್ನ ಬೆರಳು ಹಿಡಿದ. "ಪ್ರೀತಿ ಅಂತ ಅವನ್ಗೆ ಹೇಳುದ್ರಿ. ಮನೆ ವಿಷ್ಯ ಮರಕ್ಕೆ ಹೇಳುದ್ರಿ. ನನ್ಗೇನೂ ಹೇಳ್ನಿಲ್ವಲ್ಲ?"

ಸಾಯುವ ಹಾಗಾಗಿತ್ತು ಇವನಿಗೆ, ಆದರೂ ಕೊಂಕು ಬಿಡಲಿಲ್ಲ.

ನಾನು ಅತ್ತೆಯ ಕಡೆ ನೋಡಿದೆ. ಅವರಿಗೆ ಅರ್ಥವಾಯಿತು. "ಯೋಳವ್ವ, ಯೋಳು. ನಾನು ಅತ್ಲಾಗೆ ತಿರೀಕತೀನಿ," ಎಂದು ಗೋಡೆಗೆ ಮುಖ ಮಾಡಿದರು. ಆ ಮುದಿ ಬೆನ್ನು ಬಿಕ್ಕುತ್ತಿತ್ತು.

ಎದ್ದು ಹೋಗಿ ಅವರ ಭುಜ ಹಿಡಿದು ಈ ಕಡೆ ತಿರುಗಿಸಿದೆ. "ನೀವು ನೋಡ್ತಾ ಇದ್ರೇನೇ ಹೇಳೋದು ಅತ್ತೆ," ಅಂದೆ. ಅವರ ಕೈ ಹಿಡಿದುಕೊಂಡೇ ಸಿದ್ದರಾಜುವಿನ ಕಣ್ಣು ನೋಡಿದೆ, ನೀರಿನಲ್ಲಲ್ಲ, ನೇರವಾಗಿ.

"ನಿನ್ ಮನೆಗೆ ಬತ್ತೀನಿ ಕಣೋ. ಇವರನ್ನೂ ಕರ್ಕಂಡೇ ಬತ್ತೀನಿ. ಆಯ್ತದಾ?"

ಅವನು ಗೋಡೆ ಹಿಡಿದು ಎದ್ದು, ಕುಂಟುತ್ತಾ ಬಂದು, ಮೊದಲು ಅತ್ತೆಯ ಕಾಲು ಮುಟ್ಟಿದ. "ಬನ್ನಿ ಅವ್ವ," ಅಂದ.